ಅಲೈನ್‌ಮೆಂಟ್‌ಗೆ ಮುಂಚೆ ಟೈ ರಾಡ್ ನೋಡಿಸಿ

ಗಾಡಿ ಒಂದು ಕಡೆ ಎಳೆಯುತ್ತಿದೆ ಅಂದ ಕೂಡಲೇ ಎಲ್ಲರೂ ಓಡುವುದು ಚಕ್ರಗಳ ಕೋನ ಸರಿ ಮಾಡಿಸಲು, ಅಂದರೆ ವೀಲ್ ಅಲೈನ್‌ಮೆಂಟ್‌ಗೆ. ಟೈರ್ ಅಂಗಡಿಯವರೂ ಬೇಡ ಅನ್ನುವುದಿಲ್ಲ, ಬಂದ ಗಿರಾಕಿಯನ್ನು ಯಾರು ವಾಪಸ್ ಕಳಿಸುತ್ತಾರೆ? ಆದರೆ ಟೈ ರಾಡ್ ಎಂಡ್ (ಸ್ಟೀರಿಂಗ್ ತಿರುವನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿಯ ಜಾಯಿಂಟ್) ಸವೆದು ಲೂಸ್ ಆಗಿದ್ದರೆ ಎಷ್ಟು ಸಲ ಮಾಡಿಸಿದರೂ ದುಡ್ಡು ದಂಡ. ಮೆಷಿನ್‌ನಲ್ಲಿ ಎಲ್ಲ ಸರಿ ಅಂತಲೇ ತೋರಿಸುತ್ತದೆ, ಗುಂಡಿಗೆ ಇಳಿದರೆ ಮತ್ತೆ ಅದೇ ಕಥೆ.

ನಾನಿರುವುದು ಸಕಲೇಶಪುರದ ಕಡೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿದು ಹತ್ತುವ ಗಾಡಿಗಳಿಗೆ ಗುಂಡಿಯ ಜೊತೆ ಕೆಸರು ನೀರಿನ ಕಾಟವೂ ಇದೆ. ಟೈ ರಾಡ್ ಎಂಡ್ ಒಳಗಿರುವುದು ಒಂದು ಗುಂಡು, ಅದು ತಿರುಗುವ ಬಟ್ಟಲು, ಮಧ್ಯೆ ಗ್ರೀಸ್, ಮೇಲೊಂದು ರಬ್ಬರ್ ಬೂಟ್. ಬೂಟ್ ಹರಿದರೆ ಗ್ರೀಸ್ ಹೊರಗೆ, ಕೆಸರು ಒಳಗೆ. ಆಮೇಲೆ ಸವೆಯುವುದಕ್ಕೆ ಜಾಸ್ತಿ ದಿನ ಬೇಡ. ಅದಕ್ಕೇ ಸದ್ದು ಬರುವ ತನಕ ಕಾಯಬೇಡಿ, ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಬೂಟ್ ಹೇಗಿದೆ ಅಂತ ಒಮ್ಮೆ ನೋಡಿಸಿ.

ಸವೆದಿದೆ ಅನ್ನುವುದು ಮೊದಲು ಕೈಗೆ ತಿಳಿಯುತ್ತದೆ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ, ನೇರ ರಸ್ತೆಯಲ್ಲೂ ಸುಮ್ನೆ ಆಚೆ ಈಚೆ ತಿದ್ದುತ್ತಲೇ ಇರಬೇಕು. ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೂ ಅನುಮಾನ ಪಡಿ. ಬರೀ ಹಂಪ್ ಮೇಲೆ ಕಟಕಟ ಅಂದು, ಸ್ಟೀರಿಂಗ್ ಬಿಗಿಯಾಗೇ ಇದ್ದರೆ ಎಷ್ಟೋ ಸಲ ಅದು ಲಿಂಕ್ ರಾಡ್ (ತಿರುವಿನಲ್ಲಿ ಗಾಡಿ ವಾಲುವುದನ್ನು ಕಡಿಮೆ ಮಾಡುವ ಸರಳಿನ ಜೋಡಣೆ). ಅದು ಬೇರೆ ವಿಷಯ, ಅಷ್ಟು ಗಾಬರಿ ಬೇಡ.

ಮನೆಯಲ್ಲೇ ನೋಡಬಹುದು. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರ ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಇಡಿ (ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ). ಗಡಿಯಾರದ 9 ಮತ್ತು 3 ಇರುವ ಜಾಗದಲ್ಲಿ ಟೈರ್ ಹಿಡಿದು ಅಲ್ಲಾಡಿಸಿ. ಇಲ್ಲಿ ಮಾತ್ರ ಆಡಿದರೆ ಟೈ ರಾಡ್ ಎಂಡ್ ಅಥವಾ ಒಳಗಿನ ರ್‍ಯಾಕ್ ಎಂಡ್ (ಟೈ ರಾಡನ್ನು ಸ್ಟೀರಿಂಗ್ ರ್‍ಯಾಕ್‌ಗೆ, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಎಡಬಲ ಸರಿಯುವ ಭಾಗಕ್ಕೆ, ಸೇರಿಸುವ ಜಾಯಿಂಟ್) ಮೇಲೆ ಅನುಮಾನ. 12 ಮತ್ತು 6ರಲ್ಲಿ ಆಡಿದರೆ ಚಕ್ರದ ಭಾಗವನ್ನು ಸಸ್ಪೆನ್ಷನ್ ತೋಳಿಗೆ ಸೇರಿಸುವ ಬಾಲ್ ಜಾಯಿಂಟ್ ಇರಬಹುದು, ಎರಡೂ ಕಡೆ ಆಡಿದರೆ ವೀಲ್ ಬೇರಿಂಗ್ ನೋಡಿ. ಇನ್ನೊಬ್ಬರು ಟೈರ್ ಅಲ್ಲಾಡಿಸುವಾಗ ನೀವು ಜಾಯಿಂಟ್ ಮೇಲೆ ಬೆರಳಿಟ್ಟರೆ ಯಾವುದು ಕುಣಿಯುತ್ತಿದೆ ಅಂತ ಗೊತ್ತಾಗಿಬಿಡುತ್ತದೆ.

ಪ್ಲೇ, ಅಂದರೆ ಲೂಸ್, ಇದೆ ಅಂತಾದರೆ ಮುಂದೂಡಬೇಡಿ. ಜಾಯಿಂಟ್ ಕಳಚಿಕೊಂಡರೆ ಆ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಘಾಟಿಯ ತಿರುವಿನಲ್ಲಿ ಅದು ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ. ಗ್ಯಾರೇಜಿನವರು ಪೂರ್ತಿ ರ್‍ಯಾಕ್ ಬದಲಿಸಬೇಕು ಅಂದರೆ ಯಾಕೆ ಅಂತ ಕೇಳಿ, ಪ್ಲೇ ಎಲ್ಲಿದೆ ತೋರಿಸಿ ಅನ್ನಿ. ಸಾಮಾನ್ಯವಾಗಿ ಹೊರಗಿನ ಎಂಡ್ ಬೇರೆ, ಒಳಗಿನದು ಬೇರೆ ಸಿಗುತ್ತವೆ. ಬೂಟ್ ಹರಿದ ಜಾಯಿಂಟ್‌ಗೆ ಗ್ರೀಸ್ ತುಂಬಿ ಕಳಿಸುವವರೂ ಇದ್ದಾರೆ. ಸವೆದ ಲೋಹವನ್ನು ಗ್ರೀಸ್ ವಾಪಸ್ ತರುವುದಿಲ್ಲ.

ಹೊಸದು ಹಾಕುವಾಗ ಹಳೆಯದು ಎಷ್ಟು ಸುತ್ತು ತಿರುಗಿಸಿದಾಗ ಬಿಚ್ಚಿತು ಅಂತ ಎಣಿಸಿ, ಅಷ್ಟೇ ಸುತ್ತು ಹಾಕಿಸಿ. ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಇದ್ದರೆ ಅದೂ ಹೊಸದೇ ಇರಲಿ. ಅಲೈನ್‌ಮೆಂಟ್ ಇದಾದ ಮೇಲೆ, ಅದನ್ನು ಮಾತ್ರ ಬಿಡಬೇಡಿ. ಮುಗಿಸಿ ಹೊರಟಾಗ ನೇರ ರಸ್ತೆಯಲ್ಲಿ ಸ್ಟೀರಿಂಗ್ ವಾರೆ ನಿಂತಿದ್ದರೆ ಅಲ್ಲಿಂದಲೇ ವಾಪಸ್ ತಿರುಗಿಸಿ, ಮತ್ತೆ ದುಡ್ಡು ಕೊಡದೆ ಸರಿ ಮಾಡಿಸಿಕೊಳ್ಳಿ.