ಪೆರ್ಲದ ದಾರಿಯಲ್ಲಿ: ಮದಕ, ಸುರಂಗ, ಕೆರೆ ಮತ್ತು ಮನೆತನದ ತೋಟ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ರೈಲಿಳಿದು ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ ದಾಟಿ ಪೆರ್ಲಕ್ಕೆ ಹೋಗುವ ದಾರಿಯುದ್ದಕ್ಕೂ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಗಳು. ನಾಯ್ಕಾಪಿನ ಬಳಿ ಒಳಗೆ ತಿರುಗಿದರೆ ಅನಂತಪುರದ ಕೆರೆ ನಡುವಿನ ದೇವಸ್ಥಾನ ಸಿಗುತ್ತದೆ, ಅದನ್ನು ಬೆಳಿಗ್ಗೆಯೇ ನೋಡಿ ಮುಗಿಸಬಹುದು. ಪೆರ್ಲದಿಂದ ಸ್ವರ್ಗ, ವಾಣೀನಗರದ ಕಡೆಗೆ ಹೊರಳಿದ ಮೇಲೆ ನಿಧಾನವಾಗಿ ನೋಡುವಂಥದ್ದು ಶುರುವಾಗುತ್ತದೆ: ಕೆರೆಬದಿಯ ತರವಾಡು ಮನೆಗಳು, ಅಂದರೆ ಮನೆತನದ ಮೂಲಮನೆಗಳು, ಅವುಗಳ ಕೆಳಗೆ ಅಡಿಕೆ ತೋಟ.

ಇಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಬಹುಪಾಲು ಸುರಿದು ಹೋಗುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಫೆಬ್ರವರಿಯಿಂದ ಮೇವರೆಗೆ ತೋಟ ಉಳಿಯುವುದು ಗುಡ್ಡೆ ಹಿಡಿದಿಟ್ಟ ನೀರಿನಿಂದ. ಹಾಗಾಗಿ ನೋಡಲು ಮಾರ್ಚ್ ತಿಂಗಳೇ ಸರಿ.

ಮೊದಲು ಗುಡ್ಡೆ ಹತ್ತಿ ಮದಕ ನೋಡಬೇಕು. ಮೂರು ಕಡೆ ಇಳಿಜಾರು, ನಾಲ್ಕನೆಯ ಕಡೆಗೆ ಮಣ್ಣಿನ ಕಟ್ಟೆ. ಮಳೆನೀರು ಅಲ್ಲಿ ನಿಂತು ಇಂಗಿ ಕೆಳಗಿನ ಬಾವಿಗಳಿಗೆ, ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ತೋಡಿದ ಸುರಂಗಗಳಿಗೆ ಇಳಿಯುತ್ತದೆ. ಬೇಸಗೆಯಲ್ಲಿ ಬತ್ತಿದರೂ ಅದರ ಕೆಲಸ ಆಗಿರುತ್ತದೆ. ಪ್ರಯೋಜನವಿಲ್ಲದ ಜಾಗವೆಂದು ಕಟ್ಟೆ ಒಡೆದು ರಬ್ಬರ್ ಇಟ್ಟಲ್ಲಿ ಕೆಳಗಿನ ಮನೆಗಳಿಗೆ ಸೇರಬೇಕಾದ ನೀರು ಮಳೆಗಾಲದಲ್ಲೇ ಹರಿದು ಹೋಗುತ್ತದೆ. ಇಂಥ ಗುಡ್ಡೆ ಎಷ್ಟೋ ಕಡೆ ಕುಮ್ಕಿ ಜಾಗ: ವರ್ಗದ (ಪಟ್ಟೆಯಿರುವ ಸ್ವಂತ) ಭೂಮಿಯಿಂದ 100 ಗಜದೊಳಗೆ ಸೊಪ್ಪು ಸೌದೆಗೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆ ಕೊಟ್ಟಿದ್ದ ಹಕ್ಕು, ಒಡೆತನವಲ್ಲ.

ಕೆಳಗಿಳಿದರೆ ಸುರಂಗದ ಬಾಯಿ. ಎರಡೂವರೆ ಅಡಿ ಅಗಲ, ಒಬ್ಬ ಆಳು ನಿಲ್ಲುವಷ್ಟು ಎತ್ತರ. ಉದ್ದ ಕೋಲಿನ ಲೆಕ್ಕದಲ್ಲಿ, ಒಂದು ಕೋಲೆಂದರೆ ಸುಮಾರು 72 ಸೆಂ.ಮೀ. ಹುತ್ತ, ಬಸರಿ ಮರದಂಥ ಗುರುತು ನೋಡಿ ಜಾಗ ಹಿಡಿಯುತ್ತಾರೆ. ಪಿಕ್ಕಾಸಿನಲ್ಲಿ ಅಗೆದು ಮಣ್ಣನ್ನು ಬುಟ್ಟಿಯಲ್ಲಿ ಹೊರಹಾಕುತ್ತಾರೆ. ಒಳಗೆ ಹೋದಂತೆ ನೆಲ ತುಸು ಏರುತ್ತಿರಬೇಕು, ಇಲ್ಲವಾದರೆ ನೀರು ಹೊರಗೆ ಬಾರದೆ ಒಳಗೇ ನಿಲ್ಲುತ್ತದೆ. ದೀಪ ಮಂಕಾದರೆ ಗಾಳಿ ಸಾಲದು, ಅಗೆಯುವವನು ಹೊರಬರಲೇಬೇಕು. ಮುರಕಲ್ಲು ತಾನೇ ನಿಲ್ಲುತ್ತದೆ, ಜೇಡಿಮಣ್ಣಿನ ಪದರ ಸಿಕ್ಕರೆ ಚಾವಣಿ ಕುಸಿಯುತ್ತದೆ. ಪೆರ್ಲದಿಂದ ಅಡ್ಯನಡ್ಕಕ್ಕೆ ಹೋದರೆ ಹತ್ತಿರದ ಕೇಪು ಗ್ರಾಮದಲ್ಲಿ, ಒಂದರ ಮೇಲೊಂದು ಸುರಂಗ ಬರಿದಾದರೂ ಬಿಡದೆ ತೋಡಿ ನೀರು ತಂದ ಅಮೈ ಮಹಾಲಿಂಗ ನಾಯ್ಕರ ತೋಟವಿದೆ. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಬೆವರಿಗೆ ಸಂದ ಮರ್ಯಾದೆ ಅದು.

ಸುರಂಗದ ನೀರು ಹಿಂದೆ ಅಡಿಕೆ ದಂಬೆಯಲ್ಲಿ (ಸೀಳಿದ ಅಡಿಕೆ ಮರದ ದೋಣಿಯಲ್ಲಿ), ಈಗ ಪೈಪಿನಲ್ಲಿ ಮಣ್ಣಿನ ಕೆರೆಗೆ ಬೀಳುತ್ತದೆ. ರಾತ್ರಿಯಿಡೀ ತುಂಬಿದ್ದನ್ನು ಬೆಳಿಗ್ಗೆ ತೂಬು ತೆಗೆದು ತೋಟಕ್ಕೆ ಬಿಡುತ್ತಾರೆ, ಪಂಪು ಬೇಡ. ನೀರಿನ ಅಳತೆ ಸುಲಭ: 10 ಲೀಟರಿನ ಬಕೆಟ್ ಎರಡು ನಿಮಿಷದಲ್ಲಿ ತುಂಬಿದರೆ ದಿನಕ್ಕೆ 7,200 ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು, ಅಂದರೆ ಅಷ್ಟು ಸಣ್ಣ ಧಾರೆಯೂ 360 ಮರ ಸಾಕುತ್ತದೆ. ಕೆರೆಯ ಹೂಳು ಮಾತ್ರ ಮಳೆಗೆ ಮೊದಲೇ ತೆಗೆಯಬೇಕು. ಆ ಹೂಳು ಮರದ ಬುಡಕ್ಕೆ ಒಳ್ಳೆಯದು.

ಮನೆತನಗಳು ಈ ನೀರಿಗೆ ಅಂಟಿಕೊಂಡ ಬಗೆ ಕಾಗದಪತ್ರಗಳಲ್ಲೂ ಕಾಣುತ್ತದೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ರದ್ದಾಗಿ ಗೇಣಿದಾರರ ಕೈಗೆ ಭೂಮಿ ಬಂತು. 1976ರ ಡಿಸೆಂಬರ್‌ನಲ್ಲಿ ಅವಿಭಕ್ತ ಕುಟುಂಬದ ಪದ್ಧತಿಯೇ ಕಾನೂನಿನಲ್ಲಿ ಮುಗಿದು ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನದ ತರವಾಡುಗಳೂ ಪಾಲಾದವು. ತೋಟವನ್ನು ಗೆರೆ ಎಳೆದು ಹಂಚಬಹುದು, ಸುರಂಗವನ್ನು ಹಂಚಲಾಗದು. ಪಾಲುಪಟ್ಟಿಯಲ್ಲಿ ಕೆರೆಯನ್ನು ಎಲ್ಲರ ಹೆಸರಿನಲ್ಲಿ ಉಳಿಸಿ, ಯಾರಿಗೆ ಯಾವ ದಿನ ನೀರು, ಕಣಿ (ನೀರಿನ ಕಾಲುವೆ) ಯಾರ ಜಾಗದಲ್ಲಿ ಹಾದುಹೋಗಬೇಕು, ಹೂಳಿನ ಖರ್ಚು ಯಾರದು ಎಂಬುದನ್ನು ಬರೆದಿಟ್ಟವರಲ್ಲಿ ಜಗಳ ಕಡಿಮೆ. ಬಾಯಿಮಾತಿಗೆ ಬಿಟ್ಟಲ್ಲಿ ಒಬ್ಬ ಪಾಲುದಾರ ಮೇಲಿನ ಜಾಗದಲ್ಲಿ ಕೊಳವೆಬಾವಿ ಕೊರೆಸುತ್ತಾನೆ, ಆಳಕ್ಕೆ ಇಳಿದ ನೀರು ಸುರಂಗದ ಮಟ್ಟಕ್ಕೆ ಸಿಗುವುದಿಲ್ಲ. ಅಣ್ಣತಮ್ಮಂದಿರ ಕೆರೆ ಒಣಗುವುದನ್ನು ನೋಡುವುದು ಕಷ್ಟ.

ಮನೆಯವರನ್ನು ಕೇಳದೆ ಸುರಂಗದೊಳಗೆ ಕಾಲಿಡಬೇಡಿ. ಬಾವಲಿ, ಹಾವು ಎರಡೂ ಇರುತ್ತವೆ. ಟಾರ್ಚ್ ಬೇಕು. ಮರಳುವಾಗ ಬದಿಯಡ್ಕದಿಂದ ಏತಡ್ಕದ ತೋಡಿಗೆ, ಅಂದರೆ ಹಳ್ಳಕ್ಕೆ, ಹೋದರೆ ನೀರು ತಡೆಯುವ ತಾತ್ಕಾಲಿಕ ಒಡ್ಡುಗಳಾದ ಕಟ್ಟಗಳು ಸಾಲಾಗಿವೆ. ಕಲ್ಲು, ಮಣ್ಣಿನಲ್ಲಿ ಕಟ್ಟುವ ಇವನ್ನು ಮಳೆ ನಿಂತ ಮೇಲೆ, ತೋಡಿನ ಹರಿವು ಇಳಿದಾಗ ಹಾಕುತ್ತಾರೆ. ಬೇಗ ಹಾಕಿದರೆ ಒಂದು ಮಳೆಗೆ ಕೊಚ್ಚಿಹೋಗುತ್ತದೆ, ತಡವಾದರೆ ನಿಲ್ಲಿಸಲು ನೀರೇ ಇರುವುದಿಲ್ಲ.