ಎನ್ಸೆಟೆ ಪಟ್ಟಿ: ಮೂರನೇ ವಾರ

ಎನ್ಸೆಟೆ ಅಂದರೆ ಬಾಳೆಯ ನೆಂಟ ಗಿಡಗಳ ಕುಲ. ಅದರ ಹೆಸರುಗಳ ಪಟ್ಟಿ ಶುರು ಮಾಡಿದಾಗ ಎಕ್ಸೆಲ್‌ನಲ್ಲಿ ಆಫ್ರಿಕಾದ ಕಾಡುಬಾಳೆಗಳದ್ದು 23 ಹೆಸರು ಇದ್ದವು. ಈಗ ಮಡಗಾಸ್ಕರ್ ಸೇರಿ ಗಿಡದ ಜಾತಿ ನಾಲ್ಕೇ: ವೆಂಟ್ರಿಕೋಸಮ್, ಲಿವಿಂಗ್‌ಸ್ಟೋನಿಯಾನಮ್, ಹೊಂಬ್ಲೆಯಿ, ಪೆರಿಯೆರಿ. ಮಿಕ್ಕಿದ್ದೆಲ್ಲ ಇವುಗಳಿಗೇ ಇಟ್ಟ ಅಡ್ಡಹೆಸರು! ಮ್ಯೂಸಾ (ಬಾಳೆಯ ಕುಲ) ಹೋಲ್ಸ್ಟಿಯೈ, ಮ್ಯೂಸಾ ಅರ್ನಾಲ್ಡಿಯಾನಾ, ಟಾಂಜಾನಿಯಾದ ಉಲುಗುರು ಬೆಟ್ಟದ ಹೆಸರಿನ ಉಲುಗುರೆನ್ಸಿಸ್, ಎಲ್ಲವೂ ವೆಂಟ್ರಿಕೋಸಮ್ಮೇ. ಪಾಪ, ಹೆಸರಿಟ್ಟ ಸಸ್ಯಶಾಸ್ತ್ರಜ್ಞರನ್ನೂ ಬೈಯುವಂತಿಲ್ಲ. ಆಳುದ್ದಕ್ಕೂ ಮೀರಿದ ಎಲೆಯನ್ನು ಒಣಗಿಸಿ ಹಾಳೆಗೆ ಅಂಟಿಸೋದು ಹೇಗೆ? ಕೈಗೆ ಸಿಗುತ್ತಿದ್ದದ್ದು ತುಂಡು, ಇಡುತ್ತಿದ್ದದ್ದು ಪೂರ್ತಿ ಹೆಸರು.

ಈ ವಾರ ನಾನೂ ಒಂದು ಎಡವಟ್ಟು ಮಾಡಿದೆ. ಮೊದಲ ಸಾಲಿನಲ್ಲಿ ಖುಷಿಯಾಗಿ 'ಎನ್ಸೆಟೆ ಎನ್ಸೆಟೆ' ಅಂತ ಬರೆದಿದ್ದೆ. ಮೊದಲು ಇಟ್ಟ ಹೆಸರಿಗೇ ಮೊದಲ ಹಕ್ಕು, ಹಾಗಾಗಿ ಲೆಕ್ಕ ಸರಿಯಾಗಿಯೇ ಇತ್ತು, ಅಲ್ವಾ? ನೈಲ್ ಮೂಲ ಹುಡುಕಿಕೊಂಡು ಇಥಿಯೋಪಿಯಾಕ್ಕೆ ಹೋದ ಜೇಮ್ಸ್ ಬ್ರೂಸ್ ಅಲ್ಲಿನ ಜನರ ಬಾಯಿಂದ ಕೇಳಿದ ಹೆಸರು ಅದು. 1790ರ ತನ್ನ ಪುಸ್ತಕದಲ್ಲಿ 'ಇದು ಬಾಳೆಯಲ್ಲ' ಅಂತಲೂ ಬರೆದ. ಮರುವರ್ಷವೇ ಜರ್ಮನಿಯ ಸಸ್ಯಶಾಸ್ತ್ರಜ್ಞ ಗ್ಮೆಲಿನ್ ಅದನ್ನು ಮ್ಯೂಸಾ ಎನ್ಸೆಟೆ ಮಾಡಿ ಬಾಳೆ ಗುಂಪಿಗೇ ತಳ್ಳಿದ. 1862ರಲ್ಲಿ ರಷ್ಯಾದ ಸಸ್ಯಶಾಸ್ತ್ರಜ್ಞ ಹೊರಾನಿನೋವ್ ಬೇರೆ ಕುಲ ಮಾಡಿದರೂ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 1947ರಲ್ಲಿ ಸಸ್ಯಶಾಸ್ತ್ರಜ್ಞ ಚೀಸ್‌ಮನ್ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಆದರೆ ಸಸ್ಯಗಳಲ್ಲಿ ಕುಲಕ್ಕೂ ಜಾತಿಗೂ ಒಂದೇ ಪದ ಇಡುವಂತಿಲ್ಲ. ಪ್ರಾಣಿಗಳಲ್ಲಿ ನಡೆಯುತ್ತದೆ. ನಮ್ಮ ನಾಗರಹಾವು ನಾಜಾ ನಾಜಾ. ಗಿಡಕ್ಕೆ ಆ ಭಾಗ್ಯ ಇಲ್ಲ. ಹಾಗಾಗಿ ಅಂಗೋಲಾದ ಗಿಡಕ್ಕೆ ಸಸ್ಯಶಾಸ್ತ್ರಜ್ಞ ವೆಲ್ವಿಚ್ 1859ರಲ್ಲಿ ಇಟ್ಟಿದ್ದ 'ವೆಂಟ್ರಿಕೋಸಾ' ಗೆದ್ದಿತು. ಅಂದರೆ ಹೊಟ್ಟೆ ಉಬ್ಬಿದ್ದು. ದಿಂಡಿನ ಬುಡ ನೋಡಿದರೆ ಹೆಸರು ಸುಮ್ನೆ ಇಟ್ಟದ್ದಲ್ಲ ಅಂತ ಗೊತ್ತಾಗುತ್ತದೆ. ಎರಡು ಸಂಜೆ ಹೋದದ್ದು ಈ ಒಂದು ಸಾಲಿಗೆ.

ಬಾಳೆಯಿಂದ ಬೇರೆ ಮಾಡಲು ಚೀಸ್‌ಮನ್ ಹಿಡಿದ ಗುರುತುಗಳನ್ನು ಇನ್ನೊಂದು ಕಾಲಮ್ಮಿಗೆ ಹಾಕಿದ್ದೇನೆ. ಸಾಮಾನ್ಯವಾಗಿ ಕಂದು ಬಿಡುವುದಿಲ್ಲ, ಒಂದು ಗೊನೆ ಹಾಕಿ ಸಾಯುತ್ತದೆ, ಬೀಜ ದಪ್ಪ, ಕ್ರೋಮೋಸೋಮ್ ಮೂಲಸಂಖ್ಯೆ 9. ಬಾಳೆಯಲ್ಲಿ ಅದು ಹೆಚ್ಚಾಗಿ 10 ಅಥವಾ 11. ಕಂದೇ ಇಲ್ಲದಿದ್ದರೆ ಇಥಿಯೋಪಿಯಾದ ರೈತರು ಬೆಳೆಸುವುದು ಹೇಗೆ? ಗೆಡ್ಡೆಯ ನಡುವಿನ ಮೊಳಕೆ ಕೆತ್ತಿ ತೆಗೆದು ಗೆಡ್ಡೆಯನ್ನು ಹೂಳುತ್ತಾರೆ, ಆಗ ಸುತ್ತಲೂ ಕಂದು ಏಳುತ್ತವೆ. ಅವರು ತಿನ್ನುವುದು ಹಣ್ಣನ್ನಲ್ಲ. ದಿಂಡು, ಗೆಡ್ಡೆ ತುರಿದು ಹುಳಿ ಬರಿಸಿ ಕೋಚೊ ರೊಟ್ಟಿ ಮಾಡುತ್ತಾರೆ.

ಆಫ್ರಿಕಾದ ಬೀಜ ನನ್ನ ಬಳಿ ಇಲ್ಲ. ಆದರೆ ಘಟ್ಟದ ಕಲ್ಲುಬಾಳೆ ಇದೇ ಕುಲ, ಎನ್ಸೆಟೆ ಸುಪರ್ಬಮ್. ಅದನ್ನೂ ಮ್ಯೂಸಾದಿಂದ ಎತ್ತಿ ತಂದವರು ಚೀಸ್‌ಮನ್ನೇ. ಆರು ಬೀಜ ಸಿಕ್ಕಿದ್ದವು. ಕಪ್ಪು, ಮೂಲೆಮೂಲೆ ಎದ್ದ ಆಕಾರ, ಉಗುರಿಗೆ ಜಗ್ಗದ ಸಿಪ್ಪೆ. ಒಂದನ್ನು ಸುತ್ತಿಗೆಯಲ್ಲಿ ಒಡೆದೆ, ಒಳಗೆ ಮೈದಾ ಹಿಟ್ಟಿನಂಥ ಬಿಳಿ ಪುಡಿ. ಮಿಕ್ಕ ಐದನ್ನು ಅರದಿಂದ ಉಜ್ಜಿ, ಎರಡು ದಿನ ನೆನೆಸಿ ಕುಂಡಕ್ಕೆ ಹಾಕಿದ್ದೇನೆ. ಇನ್ನೂ ತಲೆ ಎತ್ತಿಲ್ಲ.

ಮುಂದಿನ ವಾರ ಹೊಂಬ್ಲೆಯಿ ಸಾಲು.