ಹುಲಿಯಪ್ಪನಿಗೂ ಒಂದು ಕಾಯಿ

ಶಿರಸಿ ಸೀಮೆಯಲ್ಲಿ ದೀಪಾವಳಿಗೆ ದೊಡ್ಡಹಬ್ಬ ಅಂತಲೇ ಹೆಸರು. ಉಳಿದ ಹಬ್ಬಗಳು ಹೆಚ್ಚಾಗಿ ದೇವರ ಕೋಣೆ, ಅಡುಗೆಮನೆಯಲ್ಲೇ ಮುಗಿಯುತ್ತವೆ. ಇದು ಹಾಗಲ್ಲ. ಬಚ್ಚಲ ಹಂಡೆಯಿಂದ ಶುರುವಾಗಿ ಜಗುಲಿ, ಕೊಟ್ಟಿಗೆ, ತೋಟ ದಾಟಿ ಬೆಟ್ಟದವರೆಗೂ ಹೋಗುತ್ತದೆ. ಮೊದಲು ಬಾವಿಯಿಂದ ಹೊಸ ನೀರು ಸೇದಿ ಹಂಡೆ ತುಂಬಬೇಕು. ಚತುರ್ದಶಿಗೆ ಎಣ್ಣೆಸ್ನಾನ ಮಾಡಿ ಬಲೀಂದ್ರನನ್ನು ಕೂರಿಸಬೇಕು. ಪಾಡ್ಯಕ್ಕೆ ಗೋಪೂಜೆ. ಅದೂ ಮುಗಿದ ಮೇಲೆ ಬೆಟ್ಟದ ಅಂಚಿಗೆ ಹೋಗಿ ಹುಲಿಯಪ್ಪನಿಗೆ ಕಾಯಿ ಒಡೆಯಬೇಕು. ನನ್ನ ತವರು ಕುಮಟಾ. ಅಲ್ಲಿ ಹಂಡೆಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ ನೀರು ತುಂಬುವುದನ್ನು ನೋಡುತ್ತಲೇ ಬೆಳೆದವಳು ನಾನು. ಆದರೆ ಹುಲಿಗೆ ಪೂಜೆ ಅಂತ ಕೇಳಿದ್ದು ಮದುವೆಯಾಗಿ ಘಟ್ಟ ಹತ್ತಿದ ಮೇಲೆಯೇ.

ಕೆಲವು ಊರುಗಳಲ್ಲಿ ಹುಲಿಯಪ್ಪನಿಗೆ ಕೆತ್ತಿದ ಮೂರ್ತಿ ಇದೆ. ನಮ್ಮೂರಿನದು ಬರೀ ಕಲ್ಲು. ದೊಡ್ಡ ಮತ್ತಿ ಮರದ ಬುಡದಲ್ಲಿ, ಪಾಚಿ ಕಟ್ಟಿಕೊಂಡು, ಮೊಣಕಾಲೆತ್ತರಕ್ಕೆ ನಿಂತಿದೆ. ವರ್ಷವಿಡೀ ಅದರ ಮುಂದೆಯೇ ಓಡಾಡಿದರೂ ಯಾರೂ ತಿರುಗಿ ನೋಡುವುದಿಲ್ಲ. ದೊಡ್ಡಹಬ್ಬದ ದಿನ ಮಾತ್ರ ಕೇರಿಯವರೆಲ್ಲ ಅಲ್ಲಿ ಸೇರುತ್ತಾರೆ. ಘಟ್ಟದ ಉದ್ದಕ್ಕೂ ಇಂಥ ನಂಬಿಕೆ ಇದೆ. ಮಹಾರಾಷ್ಟ್ರದ ವಾರ್ಲಿ ಜನ ವಾಘೋಬಾ ಅಂತ ಹುಲಿಯನ್ನೇ ಪೂಜಿಸುತ್ತಾರೆ.

ಇದು ಯಾಕೆ ಬಂತು ಅಂತ ತಿಳಿಯಬೇಕಾದರೆ ಇಲ್ಲಿಯ ಬದುಕು ಗೊತ್ತಿರಬೇಕು. ಅಡಿಕೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟ ಅಂತ ಇರುತ್ತದೆ. ಬ್ರಿಟಿಷರ ಕಾಲದಿಂದ ಬಂದ ಲೆಕ್ಕದಲ್ಲಿ ಎಕರೆ ತೋಟಕ್ಕೆ 9 ಎಕರೆ ಬೆಟ್ಟ. ಜಾಗ ಸರ್ಕಾರದ್ದು, ಸೊಪ್ಪು ಕಡಿಯುವ, ದರಕು ಅಂದರೆ ಉದುರಿದ ಒಣ ಎಲೆ ಗುಡಿಸುವ ಹಕ್ಕು ನಮ್ಮದು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ಒಣ ದರಕು, ಎರಡೂ ಕೊಟ್ಟಿಗೆಗೆ ಬಂದು ದನದ ಕಾಲಡಿ ಬೀಳುತ್ತವೆ. ಸಗಣಿ, ಗಂಜಲ ಸೇರಿ ಗೊಬ್ಬರವಾಗಿ ತೋಟಕ್ಕೆ ಹೋಗುತ್ತವೆ. ತೋಟದ ಅಡಿಕೆಯಿಂದ ಮನೆ ನಡೆಯುತ್ತದೆ. ಮಗಳ ಶಾಲೆ, ಅತ್ತೆಯ ಔಷಧಿ, ಎಲ್ಲವೂ ಅದರಲ್ಲೇ. ಮೇಯಲಿಕ್ಕೂ ದನ ಬೆಟ್ಟಕ್ಕೇ ಹೋಗುವುದು. ಹಾಗಾಗಿ ಹುಲಿ ಇದ್ದ ಕಾಲದಲ್ಲಿ ದನ ಸಂಜೆ ತಿರುಗಿ ಬರುವುದು ಅವನ ಮರ್ಜಿ. ಈಗ ನಮ್ಮ ಬೆಟ್ಟದಲ್ಲಿ ಹುಲಿ ಕಂಡವರಿಲ್ಲ. ಆ ಕಡೆ ದಾಂಡೇಲಿ, ಅಣಶಿಯಲ್ಲಿ ಇವೆ. 2007ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು, ಈಗ ಕಾಳಿ ಅಂತ ಹೆಸರು. ನಮ್ಮಲ್ಲಿ ಉಳಿದದ್ದು ಚಿರತೆ.

ಆ ಚಿರತೆ ಕಳೆದ ಸಲ ಹಬ್ಬಕ್ಕೆ ಮೊದಲು ನಮ್ಮ ಹಸು ಕೌಲಿಯ ಕರುವನ್ನು ಒಯ್ದಿತು. ನವರಾತ್ರಿಯ ಹೊತ್ತು. ಮಳೆ ಪೂರ್ತಿ ಹೋಗಿರಲಿಲ್ಲ, ಸಂಜೆ ಬೇಗ ಕತ್ತಲಾಗುತ್ತಿತ್ತು. ದನಗಳು ಬೇಣದ ಹುಲ್ಲುಗಾವಲಿನಿಂದ ಬೇಲಿಯ ದಣಪೆ ದಾಟಿ ಒಳಗೆ ಬಂದವು, ಕರು ಬರಲಿಲ್ಲ. ಕೌಲಿ ಅಲ್ಲೇ ನಿಂತು ಕೂಗಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಬೆಳಿಗ್ಗೆ ನಮ್ಮವರು ಹೋಗಿ ನೋಡಿ ಬಂದರು. ಏನು ಕಂಡಿರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಕರು ಅದು. ಚಂದ್ರಿ ಅಂತ ಹೆಸರಿಟ್ಟವಳು ಮಗಳು. ಶಾಲೆಯಿಂದ ಬಂದವಳು ಚೀಲ ಇಡುವ ಮೊದಲೇ ಕೊಟ್ಟಿಗೆಗೆ ಓಡುತ್ತಿದ್ದಳು. ಆಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟಳು.

ಹಬ್ಬ ಹತ್ತಿರ ಬಂದಾಗ ಮನೆಯಲ್ಲಿ ಯಾರೂ ಹುಲಿಯಪ್ಪನ ಸುದ್ದಿ ಎತ್ತಲಿಲ್ಲ. ಕೇರಿಯ ಹುಡುಗನೊಬ್ಬ ಜಗುಲಿಯಲ್ಲಿ ಕೂತು, 'ಈ ಸಲ ಕಾಯಿ ಗೀಯಿ ಬೇಡ, ನಾಲ್ಕು ಗರ್ನಾಲು ಪಟಾಕಿ ಹಚ್ಚಿ ಬಂದರಾಯ್ತು' ಅಂದ. ಅವನ ಸಿಟ್ಟು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಅವನ ಮನೆಯ ನಾಯಿಯನ್ನೂ ಚಿರತೆ ಹೊತ್ತೊಯ್ದಿತ್ತು. ಮಾವ ಕವಳ ಹಾಕುತ್ತಾ ಸುಮ್ಮನೆ ಕೇಳಿದರು. ಆಮೇಲೆ ಒಳಗೆ ಬಂದು ಅತ್ತೆಗೆ, 'ಹುಲಿಯಪ್ಪಂಗೆ ಒಂದು ಒಳ್ಳೆ ಕಾಯಿ ತೆಗೆದಿಡು' ಅಂದರು. ಅಷ್ಟೇ. ಅತ್ತೆ ಆಗಲೇ ತೆಗೆದಿಟ್ಟಿದ್ದರು.

ಹಿಂದಿನ ರಾತ್ರಿ ಸರ ಪೋಣಿಸುವ ಕೆಲಸ. ನನಗೆ ಇಡೀ ಹಬ್ಬದಲ್ಲಿ ತುಂಬಾ ಇಷ್ಟ ಇದೇ. ಜಗುಲಿಯಲ್ಲಿ ಅಡಿಕೆಯ ರಾಶಿ, ಚೆಂಡುಹೂವು, ಪಚ್ಚೆತೆನೆ, ನೆನೆಸಿಟ್ಟ ಬಾಳೆನಾರು. ಎಳೆ ಅಡಿಕೆಗೆ ದಬ್ಬಣ ಸಲೀಸಾಗಿ ಇಳಿಯುತ್ತದೆ. ಬಲಿತದ್ದಾದರೆ ಮಧ್ಯಕ್ಕೆ ಚುಚ್ಚಲಿಕ್ಕೆ ಹೋಗಬಾರದು, ಪಕ್ಕದ ಸಿಪ್ಪೆಯಲ್ಲೇ ಓರೆಯಾಗಿ ತೂರಿಸಬೇಕು. ಇದನ್ನು ಹೇಳಿಕೊಟ್ಟವರು ಅತ್ತೆ. ಒಂದು ಅಡಿಕೆ, ಒಂದು ಹೂವು, ನಾಲ್ಕಕ್ಕೊಂದು ಪಚ್ಚೆತೆನೆ. ನಡುವೆ ಸಿಂಗಾರದ, ಅಂದರೆ ಅಡಿಕೆ ಹೂವಿನ ಎಸಳು. ಚೊಗರು ಹತ್ತಿ ಬೆರಳೆಲ್ಲ ಕಂದಾಗುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ದನ ಎಷ್ಟಿವೆಯೋ ಅಷ್ಟು ಸರ ಆಗಬೇಕು. ನಾವು ಲೆಕ್ಕ ಮಾಡಿಯೇ ಅಡಿಕೆ ತಂದಿದ್ದೆವು. ಮಗಳು ಮಾತ್ರ ಮೂಲೆಯಲ್ಲಿ ಕೂತು ಒಂದು ಸಣ್ಣ ಸರ ಮಾಡುತ್ತಿದ್ದಳು. ಯಾರಿಗೆ ಅಂತ ಎಲ್ಲರಿಗೂ ಗೊತ್ತಿತ್ತು. ಅತ್ತೆ ತಮ್ಮ ಮುಂದಿದ್ದ ಹೂವನ್ನು ಅವಳ ಕಡೆ ಸರಿಸಿದರು.

ಪಾಡ್ಯದ ಬೆಳಿಗ್ಗೆ ಇನ್ನೂ ಮಂಜು ಇರುವಾಗಲೇ ದನಗಳ ಮೈ ತೊಳೆದಾಯಿತು. ನಮ್ಮದು ಮಲೆನಾಡು ಗಿಡ್ಡ ತಳಿ. ಸಣ್ಣ ಆಳು, ಹಾಲು ಕಡಿಮೆ, ಆದರೆ ಮಳೆಗೂ ಏರಿಗೂ ಜಗ್ಗುವುದಿಲ್ಲ. ಬೆಟ್ಟದ ಸೊಪ್ಪು ತಿಂದುಕೊಂಡೇ ಬದುಕುತ್ತವೆ. ಒಂದು ತಟ್ಟೆಯಲ್ಲಿ ಶೇಡಿ ಅನ್ನುವ ಬಿಳಿ ಮಣ್ಣು, ಒಂದರಲ್ಲಿ ಕೆಮ್ಮಣ್ಣು ಕಲಸಿ, ಲೋಟದ ಬಾಯಿ ಅದ್ದಿ ಮೈಮೇಲೆ ಒತ್ತಿದರೆ ಬಿಳಿ ಕೆಂಪು ಬಳೆಗಳು ಮೂಡುತ್ತವೆ. ಕಪ್ಪು ದನದ ಮೇಲೆ ಎಷ್ಟು ಚಂದ ಕಾಣುತ್ತದೆ ಗೊತ್ತಾ! ಅದೇ ಶೇಡಿಯನ್ನು ಒರಳಿಗೆ, ಬೀಸುಕಲ್ಲಿಗೆ, ಕತ್ತಿ, ಗುದ್ದಲಿ, ಏಣಿ ಎಲ್ಲಕ್ಕೂ ಹಚ್ಚುತ್ತೇವೆ. ಮನೆಗಾಗಿ ದುಡಿದವರಲ್ಲಿ ಯಾರನ್ನೂ ಬಿಡುವ ಹಾಗಿಲ್ಲ. ಕೊಟ್ಟಿಗೆಯಲ್ಲಿ ದೀಪ ಹಚ್ಚಿ, ಕೊಂಬಿಗೆ ಎಣ್ಣೆ ಸವರಿ, ಸರ ಕಟ್ಟಿ, ಮೊಗೆಕಾಯಿ ಕಡುಬನ್ನು ಬಾಳೆಲೆಯಲ್ಲಿ ಬಡಿಸಿದೆವು. ಉಳಿದವು ಗಬಗಬ ತಿಂದವು. ಕೌಲಿ ಮೂಸಿ ನೋಡಿ ಮುಖ ತಿರುಗಿಸಿತು. ಅತ್ತೆ ಅದರ ಗಂಗೆದೊಗಲು ನೀವುತ್ತಾ, 'ತಿನ್ನೇ ತಂಗಿ, ಹಬ್ಬ ಅಲ್ದಾ' ಅಂತ ಕೈಯಲ್ಲೇ ಹಿಡಿದು ನಿಂತರು. ಬಹಳ ಹೊತ್ತಾದ ಮೇಲೆ ಒಂದು ತುಂಡು ತೆಗೆದುಕೊಂಡಿತು.

ದನ ಬಿಟ್ಟ ಮೇಲೆ ಬೆಟ್ಟಕ್ಕೆ ಹೊರಟೆವು. ಹಿಂದೆ ಗಂಡಸರು ಮಾತ್ರ ಹೋಗುತ್ತಿದ್ದರಂತೆ, ಈಗ ನಮ್ಮ ಕೇರಿಯಲ್ಲಿ ಎಲ್ಲರೂ ಹೋಗುತ್ತೇವೆ. ಗರ್ನಾಲು ಅಂದಿದ್ದ ಹುಡುಗನೂ ಬಂದಿದ್ದ, ಕೈಯಲ್ಲಿ ಕಾಯಿ ಇತ್ತು. ಪಾಚಿ ಒರೆಸಿ, ಕಲ್ಲಿಗೆ ನೀರು ಹಾಕಿ, ಕುಂಕುಮ ಹಚ್ಚಿ, ಹೂವಿಟ್ಟರು. ಮಂತ್ರ ದೊಡ್ಡದೇನೂ ಇಲ್ಲ. ಮಾವ ಕೈಮುಗಿದು, ಬೆಟ್ಟಕ್ಕೆ ಹೋದ ದನಕರು, ಮಕ್ಕಳುಮರಿ ಮನೆಗೆ ಬರಲಿ ಅಂತ ಗಟ್ಟಿಯಾಗಿಯೇ ಹೇಳಿದರು. ಕಾಯಿ ಒಡೆಯಲು ಕೈ ಎತ್ತಿದಾಗ ಮಗಳು ಕೇಳಿಬಿಟ್ಟಳು.

'ಅಜ್ಜ, ಅಂವ ಚಂದ್ರಿಯ ತಿಂದಿದ್ದ ಅಲ್ದಾ? ಮತ್ತೆ ಎಂತಕ್ಕೆ ಅವಂಗೆ ಕಾಯಿ?'

ಎಲ್ಲರೂ ಸುಮ್ಮನಾದರು. ಮಾವ ಅವಳನ್ನು ಗದರಲಿಲ್ಲ. ಕಾಯಿ ಕೆಳಗಿಟ್ಟು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. 'ಬೆಟ್ಟ ಅವಂದೂ ಹೌದು ಕೂಸೆ. ನಾವು ದಿನಾ ಅವನ ಮನೆಯಿಂದ್ಲೇ ಸೊಪ್ಪು ತರದು ಅಲ್ದಾ? ಅಂವ ಒಂದಿನಾನೂ ಕೇಳಿದ್ನಿಲ್ಲೆ' ಅಂದರು. ಮಗಳು ಒಪ್ಪಿದಳೋ ಇಲ್ಲವೋ, ತಲೆ ಅಲ್ಲಾಡಿಸಲಿಲ್ಲ. ಆದರೆ ಲಂಗದ ಕಿಸೆಯಿಂದ ಆ ಸಣ್ಣ ಸರ ತೆಗೆದು ಅಜ್ಜನ ಕೈಗೆ ಕೊಟ್ಟಳು. ಮಾವ ಅದನ್ನು ಕಲ್ಲಿಗೆ ಹಾಕಲಿಲ್ಲ, ಅವಳ ಮನಸ್ಸು ಅವರಿಗೆ ಗೊತ್ತಿತ್ತು. ಮತ್ತಿ ಮರದ ಕೆಳಗಿನ ಟೊಂಗೆಗೆ ಕಟ್ಟಿದರು. ಕಾಯಿ ಒಡೆದರು.

ನಾನು ಈ ಮಾತನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಹುಲಿಯಪ್ಪನ ಹತ್ತಿರ ಯಾರೂ 'ನೀನು ಇಲ್ಲಿಂದ ಹೋಗು' ಅಂತ ಬೇಡಿಕೊಳ್ಳುವುದಿಲ್ಲ. ನೀನೂ ಇರು, ನಮ್ಮನ್ನೂ ಇರಲು ಬಿಡು ಅನ್ನುವುದೇ ಆ ಪೂಜೆ. ಬಲೀಂದ್ರನ ಕತೆಯೂ ಹಾಗೇ ಅಲ್ವಾ? ವಾಮನ ಪಾತಾಳಕ್ಕೆ ತುಳಿದ ದೊರೆಯನ್ನು ನಾವು ವರ್ಷಕ್ಕೊಮ್ಮೆ ಕರೆದು, ಸಿಂಗಾರ ಮುಡಿಸಿ, ಮನೆಯವನ ಹಾಗೆ ಕೂರಿಸಿ ಊಟ ಹಾಕಿ ಕಳಿಸುತ್ತೇವೆ. ನಮ್ಮ ಹಿರಿಯರ ಭಕ್ತಿಯಲ್ಲಿ ನನಗೆ ಹಿಡಿಸುವುದು ಇದೇ. ಒಳ್ಳೆಯದು ಕೊಟ್ಟವರಿಗೆ ಮಾತ್ರ ಕೈಮುಗಿದು ಮನೆಗೆ ಬರುವ ಭಕ್ತಿ ಅದಲ್ಲ. ಕರು ಹೋದ ದುಃಖ ಇದರಿಂದ ಕಡಿಮೆಯಾಯಿತು ಅಂತ ಹೇಳಲಾರೆ. ಆದರೆ ಚಿರತೆಗೆ ವಿಷ ಇಡುವ, ಉರುಳು ಹಾಕುವ ಮಾತು ನಮ್ಮ ಕೇರಿಯಲ್ಲಿ ಬರಲಿಲ್ಲ. ಅದಕ್ಕೆ ಆ ಕಲ್ಲೇ ಕಾರಣ ಅಂತ ನಾನು ನಂಬುತ್ತೇನೆ.

ಇಳಿದು ಬರುವಾಗ ಮಾವ ಇನ್ನೊಂದು ವಿಷಯ ತೆಗೆದರು. 1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿ ಸೀಮೆಯ ಸಾಲ್ಕಣಿ ಊರಿನವರು ಕಳಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರು ಮುಂದೆ ನಿಂತು ಬೆಳೆಸಿದ ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಮಾವ ಆಗ ಹುಡುಗ. ಸುದ್ದಿ ಕೇಳಿ ಊರೂರಿನ ಜನ ತಮ್ಮ ಬೆಟ್ಟಗಳ ಕಡೆ ಬೇರೆ ಕಣ್ಣಿನಿಂದ ನೋಡಿದರು ಅಂತ ಹೇಳುತ್ತಾರೆ. ಮರ ಉಳಿದರೆ ಹುಲಿಯಪ್ಪನ ಮನೆ ಉಳಿಯಿತು, ಅವನ ಮನೆ ಉಳಿದರೆ ನಮ್ಮ ಕೊಟ್ಟಿಗೆಗೆ ಸೊಪ್ಪು. ಈಗ ಸೊಪ್ಪು ಹೊರಲು ಜನ ಸಿಗುವುದಿಲ್ಲ, ದನ ಕಟ್ಟುವವರೂ ಕಡಿಮೆ, ಬೆಟ್ಟವನ್ನು ಮರೆತ ಮನೆಗಳು ಜಾಸ್ತಿ. ನನಗೆ ಚಿರತೆಗಿಂತ ಇದರದ್ದೇ ಹೆಚ್ಚು ಹೆದರಿಕೆ. ದನವೇ ಇಲ್ಲದ ಮನೆಯವರು ಹುಲಿಯಪ್ಪನ ಹತ್ತಿರ ಏನು ಕೇಳಬೇಕು?

ಮನೆಗೆ ಬಂದು ಹೋಳಿಗೆ ಊಟ. ಮಧ್ಯಾಹ್ನದ ಮೇಲೆ ನಮ್ಮವರು ಹಬ್ಬ ಅಂತ ನೋಡದೆ ಕೊಟ್ಟಿಗೆಗೆ ಗಟ್ಟಿ ಬಾಗಿಲು ಕೂರಿಸಿದರು. ದಣಪೆಯ ಹತ್ತಿರ ದೀಪದ ಕಂಬವನ್ನೂ ನಿಲ್ಲಿಸಿದರು. ಮಾವನೇ ಹಲಗೆ ಹಿಡಿದುಕೊಂಡರು. ಕೈಮುಗಿದದ್ದೂ ಸರಿ, ಅಗಳಿ ಹಾಕಿದ್ದೂ ಸರಿ. ಸಂಜೆ ಬಲೀಂದ್ರನನ್ನು ಕಳಿಸಿ, ತುಳಸಿಕಟ್ಟೆಯಿಂದ ಬಾವಿಕಟ್ಟೆಯವರೆಗೆ ದೀಪ ಇಟ್ಟೆವು. ಕೊಟ್ಟಿಗೆಯ ದೀಪ ತಾನೇ ಇಡುತ್ತೇನೆ ಅಂತ ಮಗಳು ಹಣತೆ ತೆಗೆದುಕೊಂಡು ಹೋದಳು. ಅಷ್ಟು ದಿನ ಆದ ಮೇಲೆ ಒಳಗೆ ಕಾಲಿಟ್ಟದ್ದು ಆಗಲೇ.

ಆ ವಾರವೇ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬಂದ, ಕೊಯ್ಲು ಶುರುವಾಯಿತು, ಮನೆ ತುಂಬಾ ಅಡಿಕೆ ಸುಲಿಯುವ ಗಡಿಬಿಡಿ. ಆ ಗಡಿಬಿಡಿಯಲ್ಲೇ ಮಗಳು ಅಜ್ಜನ ಹತ್ತಿರ, ಮುಂದಿನ ವರ್ಷ ಹುಲಿಯಪ್ಪನ ಕಾಯಿ ತಾನು ಒಡೆಯಬಹುದಾ ಅಂತ ಕೇಳಿದಳಂತೆ. ಒಂದೇ ಏಟಿಗೆ ಸರಿಯಾಗಿ ಎರಡು ಹೋಳು ಆಗಬೇಕು, ಅಷ್ಟು ಕಲಿತರೆ ಕೊಡುತ್ತೇನೆ ಅಂದಿದ್ದಾರೆ ಮಾವ. ಈಗ ಅಡುಗೆಯ ಕಾಯಿಯನ್ನೆಲ್ಲ ಹಿತ್ತಲ ಕಲ್ಲಿನ ಮೇಲೆ ಅವಳೇ ಒಡೆಯುತ್ತಾಳೆ.